ಸಂಘದ ಗ್ರಾಮಾಫೋನು
(ಸಿಯಾಲ್ದಾದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಹೋಟೆಲು ಮತ್ತು ಮಿಲ್ಲಿನ ಕಾರ್ಮಿಕ ಬಂಧುಗಳೇ,

ನಮ್ಮ ಸಂಘದ ಕೋಣೆಯಲ್ಲಿರುವ ಕೀಲಿ ಕೊಡುವ ಗ್ರಾಮಾಫೋನು ಮೂಕವಾಗಿ ಬಹಳ ಕಾಲವಾಯಿತು. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಅದಕ್ಕೆ ಬೆಲೆ ಕಟ್ಟಿದ್ದಾರೆ. ಹಾಡು ಬೇಕಾದರೆ ಮೊಬೈಲ್ ಇದೆ, ಇದನ್ನು ಮಾರಿಬಿಡೋಣ ಎಂಬ ಮಾತು ನಮ್ಮೊಳಗೇ ಎದ್ದಿದೆ. ಸಂಘದ ಕೈ ಬರಿದೆಂಬುದೂ ನಿಜವೇ. ಆದರೂ ಮಾರುವ ಮುನ್ನ ಎರಡು ಮಾತು ಕೇಳಬೇಕು.

1902ರ ನವೆಂಬರಿನಲ್ಲಿ ಗೌಹರ್ ಜಾನ್ ಇದೇ ಕಲ್ಕತ್ತೆಯ ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರದ ಮುಂದೆ ಹಾಡಿದರು. ಆಗ ಪ್ಲೇಟುಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕಾಗಿತ್ತು. 1908ರಲ್ಲಿ ಗ್ರಾಮಾಫೋನ್ ಕಂಪನಿಯು ಈ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆಯಿತು. ಭಾರತದಲ್ಲಿ ಪ್ಲೇಟು ಅಚ್ಚು ಹಾಕಿದ ಮೊದಲ ಕಾರ್ಖಾನೆ ಅದು. 1928ರಲ್ಲಿ ಡಮ್‌ಡಮ್‌ಗೆ ಹೋಯಿತು. ಪ್ಲೇಟಿಗೆ ಬೇಕಾದ ಅರಗನ್ನು ಛೋಟಾ ನಾಗಪುರದ ಕಾಡಿನ ಜನ ಮುತ್ತುಗ, ಬೋರೆಯ ಕೊಂಬೆಗಳಿಂದ ಕೆರೆದು ತರುತ್ತಿದ್ದರು. ಅರಗಿಗೆ ಕಲ್ಲಿನ ಪುಡಿಯನ್ನೂ ಕಪ್ಪನ್ನೂ ಬೆರೆಸಿ, ಬಿಸಿಯಲ್ಲಿ ನಿಂತು ಒತ್ತಿದವರು ನಮ್ಮಂಥ ಕೂಲಿಗಾರರು. ಪ್ಲೇಟಿನ ಮೇಲೆ ಹಾಡಿದವರ ಹೆಸರುಂಟು, ಕಂಪನಿಯ ನಾಯಿಯ ಚಿತ್ರವುಂಟು, ಒತ್ತಿದವನ ಹೆಸರಿಲ್ಲ. ದೋಸೆ ತಿಂದವರಿಗೆ ಹೋಟೆಲಿನ ಹೆಸರು ಗೊತ್ತು, ಹುಯ್ದವನ ಹೆಸರು ಯಾರಿಗೆ ಗೊತ್ತು?

ಇನ್ನು ರಿಪೇರಿಯ ಮಾತು. ಮೆಕ್ಯಾನಿಕರು ಬಿಚ್ಚಿ ನೋಡಿದ್ದಾರೆ. ಸ್ಪ್ರಿಂಗು ಮುರಿದಿಲ್ಲ, ಗ್ರೀಸು ಗಟ್ಟಿಯಾಗಿ ಅಂಟಿಕೊಂಡಿದೆ. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಾಕಬೇಕು. ಆ ಕೆಲಸ ಬಲ್ಲವರೇ ಮಾಡಲಿ. ಸುತ್ತಿದ ಸ್ಪ್ರಿಂಗು ಚಿಮ್ಮಿದರೆ ಕೈ ಸೀಳುತ್ತದೆ. ವೇಗ ಹಿಡಿದಿಡುವ ಗವರ್ನರಿಗೆ ತುಸು ಎಣ್ಣೆ ಬೇಕು. ಯಂತ್ರ ಎಷ್ಟೇ ಬಲವಾಗಿರಲಿ, ವೇಗದ ಹದ ತಪ್ಪಿದರೆ ಕೆಲಸ ಕೆಡುತ್ತದೆಂದು ಮಿಲ್ಲಿನವರಿಗೆ ಹೇಳಬೇಕಾಗಿಲ್ಲ. ಪ್ಲೇಟಿನ ಕೆಳಗೆ ಕಾಗದದ ಚೂರು ಸಿಕ್ಕಿಸಿ ಎಣಿಸಿದರೆ ನಿಮಿಷಕ್ಕೆ 78 ಸುತ್ತು ಬರಬೇಕು. ಸೌಂಡ್‌ಬಾಕ್ಸಿನ ಅಭ್ರಕದ ಹಾಳೆ ಸರಿಯಿದೆ. ಅದರ ಸುತ್ತಲ ರಬ್ಬರು ಕಲ್ಲಾಗಿದೆ, ಬದಲಿಸಬೇಕು. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಹೊಸದಾಗಿ ಹಾಕಬೇಕು. ಅರಗಿನ ಪ್ಲೇಟನ್ನು ಸ್ಪಿರಿಟಿನಿಂದ ಒರೆಸಬಾರದು, ಕರಗಿಹೋಗುತ್ತದೆ. ಈಚಿನ ಎಲ್.ಪಿ. ಪ್ಲೇಟನ್ನು ಇದರ ಮೇಲಿಟ್ಟರೆ ಈ ಮುಳ್ಳು ಅದನ್ನು ಕೆರೆದು ಹಾಳುಮಾಡುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ಯಂತ್ರವನ್ನು ಮಾರುವುದು ಬೇಡ. ಸಂಘದ ಕೆಲಸವೆಂದು ಮೆಕ್ಯಾನಿಕರಿಂದ ಬಿಟ್ಟಿ ದುಡಿಸಿಕೊಳ್ಳದೆ ಪೂರ್ತಿ ಕೂಲಿ ಕೊಡೋಣ. ಮಾಲೀಕರಿಂದ ನಾವು ಕೇಳುವ ನ್ಯಾಯವನ್ನು ನಾವೂ ನಡೆಸಬೇಕಲ್ಲವೆ? ಮೂರನೆಯದಾಗಿ, ಲೋಟ ತೊಳೆಯುವ ನಮ್ಮ ಹುಡುಗರಲ್ಲಿ ಇಬ್ಬರು ರಜದ ದಿನ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿಯಲಿ. ಯಂತ್ರ ಮತ್ತೆ ಕೆಟ್ಟೀತು, ಕಲಿತ ಕೈ ನಮ್ಮಲ್ಲಿ ಉಳಿಯುತ್ತದೆ.

ಇದಕ್ಕೆ ತಲಾ ಎಷ್ಟು ಹಾಕಬಹುದೆಂದು ತಾವೇ ಹೇಳಿರಿ.