ಎಣ್ಣೆ ಸೋರುವ ಹಳೆಯ ಯೆಜ್ಡಿ



ಗೊರೂರಿನಿಂದ ಹಾಸನಕ್ಕೋ ಅರಕಲಗೂಡಿಗೋ ಹೋಗುವಾಗ ಒಂದು ಹಳೆಯ ಯೆಜ್ಡಿ ಮೋಟಾರ್‌ ಸೈಕಲ್ ಎದುರಾಗುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆದ್ದರಿಂದ ಆ ಕಾಲದ ಯೆಜ್ಡಿಗಳಲ್ಲಿ ತೀರ ಹೊಸದೆಂದರೂ ಕಾಲು ಶತಮಾನ ದಾಟಿದ ಗಾಡಿ. ನಿಲ್ಲಿಸಿದ ಜಾಗದಲ್ಲಿ ಅಂಗೈಯಗಲ ಎಣ್ಣೆಯ ಕಲೆ. ನೋಡಿದವರೊಬ್ಬರು “ಇಂಜಿನ್ ಬಿಚ್ಚಲೇಬೇಕು” ಎಂದುಬಿಡುತ್ತಾರೆ. ಸಾವಿರಾರು ರೂಪಾಯಿಯ ಆ ಕೆಲಸಕ್ಕೆ ಒಪ್ಪುವ ಮೊದಲು ನಾವೇ ನೋಡಬಹುದಾದದ್ದು ಬಹಳಷ್ಟಿದೆ.

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಕೆರೆಯ ಏರಿಯ ಹಿಂದೆ ನೀರು ಜಿನುಗುವುದನ್ನು ನೀವು ನೋಡಿರಬಹುದು. ಅದು ಏರಿಯೊಳಗೆ ಹೊಕ್ಕ ಜಾಗ ಬೇರೆ, ಹೊರಬಿದ್ದ ಜಾಗ ಬೇರೆ. ಎಣ್ಣೆಯೂ ಹಾಗೆಯೇ ಇಳಿಯುತ್ತದೆ. ಜೊತೆಗೆ ಗಾಡಿ ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗವನ್ನು ಹುಡುಕಬೇಕು.

ಕೊಳೆ ಮೆತ್ತಿದ ಇಂಜಿನ್ನಿನಲ್ಲಿ ಏನೂ ಕಾಣದು. ಇಂಜಿನ್ ತಣ್ಣಗಿರುವಾಗ, ಬೆಂಕಿಯಿಂದ ದೂರದಲ್ಲಿ, ಹಳೆಯ ಬ್ರಷ್ಷಿನಿಂದ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ತೊಳೆದು ಒಣಬಟ್ಟೆಯಿಂದ ಒರೆಸಿ. ತೊಳೆದ ಕೊಚ್ಚೆಯನ್ನು ಡಬ್ಬಿಗೆ ಹಿಡಿದಿಡಿ, ಹೇಮಾವತಿಯ ನಾಲೆಗೆ ಬಿಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಬಿಳಿಯ ಪುಡಿಯ ಮೇಲೆ ಎಣ್ಣೆ ತನ್ನ ದಾರಿಯನ್ನು ತಾನೇ ಬರೆದಿರುತ್ತದೆ.

ಹಳೆಯ ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್. ಇದರಲ್ಲಿ ಎರಡು ಎಣ್ಣೆಗಳಿವೆ. ಒಂದು ಪೆಟ್ರೋಲಿನಲ್ಲಿ ಬೆರೆತು ಉರಿದುಹೋಗುತ್ತದೆ. ಇನ್ನೊಂದು ಗೇರ್‌ಬಾಕ್ಸಿನದು, ಕ್ಲಚ್ಚನ್ನೂ ಅದೇ ನೆನೆಸುತ್ತದೆ. ನೆಲದ ಕಲೆ ಸಾಮಾನ್ಯವಾಗಿ ಈ ಎರಡನೆಯದು. ಕೆಳಗಿನ ಡ್ರೈನ್ ಬೋಲ್ಟಿನ ವಾಷರ್, ಎಡಗಡೆಯ ಕ್ಲಚ್ ಕವರಿನ ಪ್ಯಾಕಿಂಗ್, ಕಿಕ್ಕರಿನ ಬುಡ, ಇವು ಮೊದಲು ನೋಡಬೇಕಾದ ಜಾಗಗಳು. ಈ ಗಾಡಿಯಲ್ಲಿ ಕಿಕ್ಕರನ್ನೇ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆಯಲ್ಲವೇ? ಎರಡು ಕೆಲಸ ಮಾಡುವ ಆ ಜಾಗ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಇವೆಲ್ಲ ಸಣ್ಣ ಖರ್ಚಿನ ರಿಪೇರಿಗಳು. ಬೋಲ್ಟನ್ನು ಬಲವಾಗಿ ಬಿಗಿದರೆ ಸೋರುವುದು ನಿಲ್ಲುತ್ತದೆಂಬ ನಂಬಿಕೆ ಮಾತ್ರ ಬೇಡ. ಅಲ್ಯೂಮಿನಿಯಮ್ಮಿನ ಮರೆ ಹೋದರೆ ಹತ್ತು ರೂಪಾಯಿಯ ಕೆಲಸ ನೂರಾರು ರೂಪಾಯಿಗೆ ಏರುತ್ತದೆ. ಸೈಲೆನ್ಸರಿನ ಜೋಡಣೆಯಲ್ಲಿ ಕಾಣುವ ಕಪ್ಪು ಜಿಡ್ಡು ಬೇರೆಯ ಮಾತು. ಅದು ಪೂರ್ತಿ ಉರಿಯದ ಪೆಟ್ರೋಲ್ ಎಣ್ಣೆ.

ಇನ್ನು ನೆಲಕ್ಕೆ ಒಂದು ತೊಟ್ಟೂ ಬೀಳದ ಸೋರಿಕೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆ ಗಾಳಿ ಪೆಟ್ರೋಲನ್ನು ಹೀರಿಕೊಳ್ಳುತ್ತದೆ, ಇಳಿದಾಗ ಮೇಲಕ್ಕೆ ಒತ್ತುತ್ತದೆ. ಈ ಕೋಣೆಗೂ ಕ್ಲಚ್ಚಿನ ಕಡೆಗೂ ನಡುವೆ ಒಂದು ರಬ್ಬರ್ ಸೀಲ್ ಇದೆ. ಅದು ಸವೆದರೆ ಗೇರ್ ಎಣ್ಣೆ ಒಳಕ್ಕೆ ಎಳೆಯಲ್ಪಟ್ಟು ಉರಿಯುತ್ತದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ, ಒದ್ದೆಯಾದ ಪ್ಲಗ್, ದಿನೇ ದಿನೇ ಕಡಿಮೆಯಾಗುವ ಗೇರ್ ಎಣ್ಣೆ, ಇವು ಅದರ ಗುರುತು. ಕೆಲವೊಮ್ಮೆ ಇದು ತಿರುಗುಮುರುಗಾಗಿ ಪೆಟ್ರೋಲೇ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಆಗ ಎಣ್ಣೆಯ ಮಟ್ಟ ಏರಿ ಪೆಟ್ರೋಲಿನ ವಾಸನೆ ಬರುತ್ತದೆ. ಬಲಗಡೆ, ಡೈನಮೋದ ಬಳಿಯ ಸೀಲ್ ಹೋದರೆ ಅಲ್ಲಿಂದ ಬರಿಯ ಗಾಳಿ ಒಳಗೆ ಸೇರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ಇಳಿಯದು. ಪೆಟ್ರೋಲಿನ ಜೊತೆಗೆ ಎಣ್ಣೆಯ ಪಾಲೂ ಕಡಿಮೆಯಾಗುವುದರಿಂದ ಇಂಜಿನ್ ವಿಪರೀತ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ಈ ಸೀಲುಗಳ ಕೆಲಸಕ್ಕೆ ಮಾತ್ರ ಈ ಗಾಡಿಯಲ್ಲಿ ಕೈ ಪಳಗಿದ ಮೆಕ್ಯಾನಿಕ್ಕೇ ಬೇಕು.

ಅವರ ಬಳಿಗೆ ಹೋದಾಗ “ಎಣ್ಣೆ ಸೋರುತ್ತಿದೆ” ಎಂದಷ್ಟೇ ಹೇಳಬೇಡಿ. ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಹಾಕಿದಿರಿ, ಹೊಗೆಯ ಬಣ್ಣ ಯಾವುದು, ಪೌಡರಿನ ಮೇಲೆ ಗೆರೆ ಎಲ್ಲಿಂದ ಹೊರಟಿತು ಎಂಬುದನ್ನು ಬರೆದುಕೊಂಡು ಹೋಗಿ. ರಿಪೇರಿ ಆಗುವವರೆಗೆ, ಅದರಲ್ಲೂ ಮಳೆಗಾಲದಲ್ಲಿ, ಹೊರಡುವ ಮುನ್ನ ಹಿಂದಿನ ಟೈರನ್ನು ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಎಣ್ಣೆ ಹತ್ತಿದರೆ ಆ ದಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ.