ಲಿನಕ್ಸ್ ಅಪ್‌ಗ್ರೇಡ್ ಮಾಡ್ತೀರಾ? ಮೊದಲು ಬ್ಯಾಕಪ್, ಡೇಟಾ, ಕರೆಂಟು ನೋಡ್ಕೊಳ್ಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮಧುಗಿರಿ ಬಸ್‌ಸ್ಟ್ಯಾಂಡ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೆ, ಶಿರಾದಿಂದ ತುಮಕೂರಿಗೆ ಬಸ್ಸಲ್ಲಿ ಹೋಗ್ತಿರೋರಿಗೆ, ಕೊರಟಗೆರೆ, ಪಾವಗಡದಲ್ಲಿ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಮಾತಾಡೋದು ಫೋನ್ ಬಗ್ಗೆ ಅಲ್ಲ, ಮನೆಯಲ್ಲೋ ಅಂಗಡಿಯಲ್ಲೋ ಇರೋ ಹಳೇ ಕಂಪ್ಯೂಟರ್ ಬಗ್ಗೆ. ಅದರಲ್ಲಿ ಲಿನಕ್ಸ್ ಇದ್ದು, "ಹೊಸ ಆವೃತ್ತಿ ಬಂದಿದೆ, ಅಪ್‌ಗ್ರೇಡ್ ಮಾಡಲೇ?" ಅಂತ ಕೇಳ್ತಿದ್ರೆ ಏನ್ಮಾಡ್ಬೇಕು ಅನ್ನೋದರ ಬಗ್ಗೆ.

ಈಗ ಯಾಕೆ ಈ ವಿಷಯ ಅಂದ್ರೆ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಎಷ್ಟೋ ಹಳೇ ಯಂತ್ರಗಳಿಗೆ ವಿಂಡೋಸ್ 11 ಕೂರೋದಿಲ್ಲ. ಹಾಗಾಗಿ "ಅಣ್ಣ, ಉಬುಂಟು ಹಾಕ್ಕೊಡಿ, ಮಿಂಟ್ ಹಾಕ್ಕೊಡಿ" ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಹಾಕೋದು ಸುಲಭ. ಎರಡು ವರ್ಷ ಆದ್ಮೇಲೆ ಅದನ್ನ ಮುಂದಿನ ಆವೃತ್ತಿಗೆ ಏರಿಸೋವಾಗಲೇ ಎಡವೋದು. ನಾನೂ ಎಡವಿದ್ದೀನಿ. ಆ ಕಥೆಯಿಂದಲೇ ಶುರು ಮಾಡ್ತೀನಿ.

ಅಕ್ಕನ ಅಂಗಡಿಯಲ್ಲಿ ಆಗಿದ್ದು

ನಮ್ಮಕ್ಕ ಕೊರಟಗೆರೆಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡಿದ್ದಾಳೆ. ಲಗ್ನಪತ್ರಿಕೆ, ಸ್ಕಾಲರ್‌ಶಿಪ್ ಅರ್ಜಿ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪಿಂಗ್, ಎಲ್ಲಾ ಒಂದೇ ಡೆಸ್ಕ್‌ಟಾಪ್‌ನಲ್ಲಿ. ಅದರಲ್ಲಿ ಉಬುಂಟು 20.04 ಇತ್ತು. 2025ರ ಮೇ ತಿಂಗಳಿಗೆ ಅದರ ಮಾಮೂಲಿ ಸಪೋರ್ಟ್ ಮುಗಿಯೋದಿತ್ತು. ನಾನು ಭಾನುವಾರ ಹೋಗಿ, "ಅಕ್ಕಾ, ಒಂದು ಗಂಟೆ ಕೊಡು, ಹೊಸದು ಮಾಡ್ಕೊಡ್ತೀನಿ" ಅಂದೆ. ಬ್ಯಾಕಪ್ ತಗೊಳ್ಳಲಿಲ್ಲ. ಯುಪಿಎಸ್ ಬ್ಯಾಟರಿ ಎಷ್ಟು ಹಳೇದು ಅಂತ ಕೇಳಲಿಲ್ಲ. ಅಪ್‌ಗ್ರೇಡ್ ಒತ್ತಿದೆ.

ಡೌನ್‌ಲೋಡ್ ಆಯ್ತು. ಇನ್‌ಸ್ಟಾಲ್ ಅರ್ಧ ಆಗಿತ್ತು. ಕರೆಂಟು ಹೋಯ್ತು. ಯುಪಿಎಸ್ ನಾಲ್ಕು ಸಲ ಬೀಪ್ ಅಂತು, ಸುಮ್ಮನಾಯ್ತು. ಕರೆಂಟು ಬಂದ್ಮೇಲೆ ಆನ್ ಮಾಡಿದ್ರೆ ಕಪ್ಪು ಪರದೆ, ಮೂಲೆಯಲ್ಲಿ ಒಂದು ಗೆರೆ ಮಿಟುಕಿಸ್ತಾ ಇತ್ತು, ಅಷ್ಟೇ. "ಏನೋ ಮಾಡಿಟ್ಟೆ? ನಾಳೆ ಬೆಳಗ್ಗೆ ಪತ್ರಿಕೆ ಪ್ರಿಂಟ್‌ಗೆ ಹೋಗ್ಬೇಕು ಕಣೋ" ಅಂದ್ಲು ಅಕ್ಕ.

ಲೈವ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದೆ. ಫೈಲ್‌ಗಳೆಲ್ಲ ಇದ್ದವು. ಕಣ್ಣಿಗೆ ಕಂಡ ಫೋಲ್ಡರ್‌ಗಳನ್ನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡ್ಕೊಂಡು, ಪೂರ್ತಿ ಅಳಿಸಿ ಹೊಸದಾಗಿ ಹಾಕ್ದೆ. ರಾತ್ರಿ ಹನ್ನೊಂದಕ್ಕೆ ಲಗ್ನಪತ್ರಿಕೆ ತೆಗೆದ್ರೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸುಮೇಲೋಗರ. ವರ ಯಾರು, ವಧು ಯಾರು ಅಂತ ಗೊತ್ತಾಗ್ತಿರಲಿಲ್ಲ.

ಆಗಿದ್ದಿಷ್ಟು. ಆ ಫೈಲ್ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಯುನಿಕೋಡ್ ಅಲ್ಲ. ಇಂಥ ಫೈಲ್‌ನಲ್ಲಿ ಕನ್ನಡ ಕಾಣೋದು ಆ ಫಾಂಟ್ ಇದ್ರೆ ಮಾತ್ರ. ಆ ಫಾಂಟ್ ಇದ್ದದ್ದು ಹೋಮ್ ಫೋಲ್ಡರ್ ಒಳಗಿನ ಅಡಗಿದ ಫೋಲ್ಡರ್‌ನಲ್ಲಿ. ಲಿನಕ್ಸ್‌ನಲ್ಲಿ ಹೆಸರಿನ ಮುಂದೆ ಚುಕ್ಕಿ ಇರೋ ಫೋಲ್ಡರ್‌ಗಳು ಸುಮ್ಮನೆ ನೋಡಿದ್ರೆ ಕಾಣೋದಿಲ್ಲ. ನಾನು ಅವನ್ನ ಕಾಪಿ ಮಾಡೇ ಇರಲಿಲ್ಲ. ಬೆಳಗ್ಗೆ ಗೆಳೆಯನ ಹತ್ರ ಫಾಂಟ್ ಇಸ್ಕೊಂಡು ಬಂದ್ಮೇಲೆ ಪತ್ರಿಕೆ ಸರಿಹೋಯ್ತು. ಆದ್ರೆ ಬ್ರೌಸರ್‌ನಲ್ಲಿ ಅಕ್ಕ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳು ವಾಪಸ್ ಬರಲೇ ಇಲ್ಲ, ಅವೂ ಅಡಗಿದ ಫೋಲ್ಡರ್‌ನಲ್ಲೇ ಇದ್ದವು. ಅರ್ಜಿ ಹಾಕೋಕೆ ಬಂದಿದ್ದ ಹುಡುಗ್ರು ಎರಡು ದಿನ ಬಂದು ಬಂದು ವಾಪಸ್ ಹೋದ್ರು.

ಇದರಲ್ಲಿ ಲಿನಕ್ಸ್ ತಪ್ಪು ಏನೂ ಇಲ್ಲ. ತಯಾರಿ ಇಲ್ಲದೆ ಒತ್ತಿದ್ದು ನನ್ನ ತಪ್ಪು.

ಮೊದಲು: ನಿಮಗೆ ಅಪ್‌ಗ್ರೇಡ್ ಬೇಕಾ?

ಉಬುಂಟು ಆವೃತ್ತಿಯ ಸಂಖ್ಯೆ ಅಂದ್ರೆ ಅದು ಬಂದ ವರ್ಷ, ತಿಂಗಳು. 22.04 ಅಂದ್ರೆ 2022ರ ಏಪ್ರಿಲ್, 24.04 ಅಂದ್ರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರೋದು ಎಲ್‌ಟಿಎಸ್, ಅದಕ್ಕೆ ಐದು ವರ್ಷ ಸಪೋರ್ಟ್. ನಡುವೆ ಆರು ತಿಂಗಳಿಗೊಮ್ಮೆ ಬರೋದಕ್ಕೆ ಒಂಬತ್ತೇ ತಿಂಗಳು. ಮನೆಗೆ, ಅಂಗಡಿಗೆ, ಓದೋ ಹುಡುಗ್ರಿಗೆ ಎಲ್‌ಟಿಎಸ್ ಸಾಕು.

22.04 ಇದ್ರೆ 2027ರ ಏಪ್ರಿಲ್‌ವರೆಗೆ ಟೈಮ್ ಇದೆ, 24.04 ಇದ್ರೆ 2029ರವರೆಗೆ. ಲಿನಕ್ಸ್ ಮಿಂಟ್ 21ಕ್ಕೆ 2027, ಮಿಂಟ್ 22ಕ್ಕೆ 2029. ಅಂದ್ರೆ ಪರೀಕ್ಷೆ ವಾರದಲ್ಲಿ, ಪ್ರಾಜೆಕ್ಟ್ ಕೊಡೋ ಹಿಂದಿನ ದಿನ ಇದನ್ನ ಮುಟ್ಟೋ ಅಗತ್ಯ ಯಾರಿಗೂ ಇಲ್ಲ. ಆದ್ರೆ ಅವಧಿ ಮುಗಿದ ಆವೃತ್ತಿಯಲ್ಲಿ ಬ್ಯಾಂಕ್ ವ್ಯವಹಾರ, ಆಧಾರ್ ಕೆಲಸ ಮಾಡ್ತಾ ಕೂರ್ಬೇಡಿ. ಅದಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ. ಉಬುಂಟು ಪ್ರೋ ಅಂತ ಇದೆ, ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ, ಅದರಲ್ಲಿ ಅವಧಿ ಇನ್ನೂ ಐದು ವರ್ಷ ಮುಂದಕ್ಕೆ ಹೋಗುತ್ತೆ.

ಇನ್ನೊಂದು, ಬಂದ ದಿನವೇ ಓಡ್ಬೇಡಿ. ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಹೋಗೋ ದಾರಿಯನ್ನ ಉಬುಂಟುನೋರೇ ತಡವಾಗಿ ತೆಗೀತಾರೆ, ಮೊದಲ ತಿದ್ದುಪಡಿ ಆವೃತ್ತಿ ಬಂದ್ಮೇಲೆ. 24.04.1 ಬಂದದ್ದು 2024ರ ಆಗಸ್ಟ್ 29ಕ್ಕೆ. ಆಮೇಲೂ ಅಪ್‌ಗ್ರೇಡ್ ಮಾಡೋ ತಂತ್ರಾಂಶದಲ್ಲೇ ದೋಷ ಸಿಕ್ಕಿ, ದಾರಿನ ಸ್ವಲ್ಪ ದಿನ ಮುಚ್ಚಿ, ಸರಿಮಾಡಿ ಮತ್ತೆ ತೆಗೆದ್ರು. ಒಂದೆರಡು ತಿಂಗಳು ಕಾದ್ರೆ ಯಾವ ನಷ್ಟವೂ ಇಲ್ಲ. 26.04ಕ್ಕೂ ಇದೇ ಮಾತು.

ಮೆಟ್ಟಿಲು ಹಾರೋಕೂ ಆಗೋದಿಲ್ಲ. 20.04ರಿಂದ ನೇರ 24.04ಕ್ಕೆ ಹೋಗೋ ಹಾಗಿಲ್ಲ, 22.04ಕ್ಕೆ ಹೋಗಿ ಆಮೇಲೆ ಮುಂದಕ್ಕೆ. ಎರಡು ಸಲದ ಡೌನ್‌ಲೋಡ್, ಎರಡು ಸಲದ ರಿಸ್ಕ್. ಅಂಥ ಕಡೆ ಬ್ಯಾಕಪ್ ತಗೊಂಡು ಹೊಸದಾಗಿ ಹಾಕೋದೇ ವಾಸಿ.

ಮೂರು ತಯಾರಿ

ಮೊದಲನೇದು ಬ್ಯಾಕಪ್. ಹೋಮ್ ಫೋಲ್ಡರ್ ತೆಗೆದು ಕಂಟ್ರೋಲ್ ಜೊತೆ ಎಚ್ ಒತ್ತಿ. ಅಡಗಿದ ಫೋಲ್ಡರ್‌ಗಳು ಕಾಣ್ತವೆ. ಅವನ್ನೂ ಸೇರಿಸಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿ ಆದ್ಮೇಲೆ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಎರಡು ಫೈಲ್ ತೆಗೆದು ನೋಡಿ. ತೆಗೆದು ನೋಡದ ಬ್ಯಾಕಪ್‌ನ ನಂಬ್ಬೇಡಿ. ಟೈಮ್‌ಶಿಫ್ಟ್ ಅಂತ ಒಂದು ಆ್ಯಪ್ ಇದೆ, ಮಿಂಟ್‌ನಲ್ಲಿ ಮೊದಲೇ ಇರುತ್ತೆ. ಅದು ಸಿಸ್ಟಮ್‌ನ ಹಿಂದಿನ ಸ್ಥಿತಿಗೆ ತರುತ್ತೆ. ಆದ್ರೆ ಮಾಮೂಲಾಗಿ ನಿಮ್ಮ ಫೋಟೋ, ಫೈಲ್‌ಗಳನ್ನ ಅದು ಮುಟ್ಟೋದಿಲ್ಲ. ಎರಡೂ ಬೇಕು.

ಎರಡನೇದು ಡೇಟಾ. ನಮ್ಮಲ್ಲಿ ತುಂಬ ಜನರಿಗೆ ಇಂಟರ್ನೆಟ್ ಅಂದ್ರೆ ಫೋನ್ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಅಪ್‌ಗ್ರೇಡ್ ಮುಗಿಯೋದು ಕಷ್ಟ. ಟರ್ಮಿನಲ್‌ನಲ್ಲಿ ಮೊದಲು "ಸುಡೋ ಆ್ಯಪ್ಟ್ ಅಪ್‌ಡೇಟ್", ಆಮೇಲೆ "ಸುಡೋ ಆ್ಯಪ್ಟ್ ಅಪ್‌ಗ್ರೇಡ್" ಕೊಟ್ಟು ಈಗಿರೋದನ್ನ ಪೂರ್ತಿ ಸರಿಮಾಡ್ಕೊಂಡು ರೀಸ್ಟಾರ್ಟ್ ಮಾಡಿ. ಆಮೇಲೆ "ಸುಡೋ ಡು-ರಿಲೀಸ್-ಅಪ್‌ಗ್ರೇಡ್". ಎಷ್ಟು ಡೌನ್‌ಲೋಡ್ ಆಗ್ಬೇಕು ಅಂತ ಅದೇ ತೋರಿಸಿ, ಮುಂದುವರಿಸಲೇ ಅಂತ ಕೇಳುತ್ತೆ. ಡೇಟಾ ಸಾಲದಿದ್ರೆ ಅಲ್ಲೇ ಬೇಡ ಅನ್ನಿ.

ಮೂರನೇದು ಕರೆಂಟು. ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ: ಡೌನ್‌ಲೋಡ್ ಮಧ್ಯೆ ನೆಟ್ ಹೋದ್ರೆ ದೊಡ್ಡ ನಷ್ಟ ಇಲ್ಲ, ಮತ್ತೆ ಶುರು ಮಾಡ್ಬಹುದು. ಇನ್‌ಸ್ಟಾಲ್ ಮಧ್ಯೆ ಕರೆಂಟು ಹೋದ್ರೆ ಅರ್ಧ ಹಳೇದು, ಅರ್ಧ ಹೊಸದು ಆಗಿ ನಿಲ್ಲುತ್ತೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಹೆಮ್ಮೆ ವಿಷಯ. ಆದ್ರೆ ಅಲ್ಲಿನ ಕರೆಂಟು ಗ್ರಿಡ್‌ಗೆ ಹೋಗುತ್ತೆ. ನಿಮ್ಮ ಟೇಬಲ್ ಮೇಲಿನ ಡೆಸ್ಕ್‌ಟಾಪ್‌ನ ಕಾಯೋದು ನಿಮ್ಮ ಯುಪಿಎಸ್ಸೇ. ಅದು ಹತ್ತು ನಿಮಿಷ ತಡೆಯೋದಾದ್ರೆ ಒಂದು ಗಂಟೆ ಕೆಲಸಕ್ಕೆ ಸಾಲದು. ಇನ್ವರ್ಟರ್ ಇರೋ ಕಡೆ ತಗೊಂಡು ಹೋಗಿ ಮಾಡಿ. ಲ್ಯಾಪ್‌ಟಾಪ್ ಆದ್ರೆ ಫುಲ್ ಚಾರ್ಜ್ ಮಾಡಿ, ಚಾರ್ಜರ್ ಹಾಕೇ ಇಡಿ. ಗುಡುಗು ಮಳೆ ಇರೋ ಸಂಜೆ ಬೇಡ.

ಹಾಗೂ ಕೈಕೊಟ್ರೆ ಗಾಬರಿ ಬೇಡ. ರಿಕವರಿ ಮೋಡ್‌ಗೆ ಹೋಗಿ "ಡಿಪಿಕೆಜಿ", ಸ್ಪೇಸ್, ಎರಡು ಮೈನಸ್ ಜೊತೆ "ಕಾನ್ಫಿಗರ್", ಸ್ಪೇಸ್, ಒಂದು ಮೈನಸ್ ಜೊತೆ "ಎ" ಅಂತ ಕೊಟ್ರೆ ನಿಂತಲ್ಲಿಂದ ಮುಂದುವರಿಯೋಕೆ ನೋಡುತ್ತೆ. ಅವತ್ತು ನನಗೆ ಇದು ಹೊಳೀಲೇ ಇಲ್ಲ, ನೇರ ಅಳಿಸೋಕೆ ಹೋದೆ.

ಕನ್ನಡ ಸರಿ ಇದೆಯಾ ನೋಡಿ

ಅಪ್‌ಗ್ರೇಡ್ ಆದ್ಮೇಲೆ ಮೊದಲು ಕನ್ನಡ ಟೈಪ್ ಮಾಡಿ ನೋಡಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕಗಪ ವಿನ್ಯಾಸ ಇದೆ, ನುಡಿ ಅಭ್ಯಾಸ ಇರೋರಿಗೆ ಕೈ ಹಿಡಿಯುತ್ತೆ. ನೋಟೋ, ಲೋಹಿತ್ ಜೊತೆಗೆ ಅರವಿಂದ ವಿ.ಕೆ. ಅವರು ಮಾಡಿದ ಗುಬ್ಬಿ, ನವಿಲು ಅನ್ನೋ ಮುಕ್ತ ಯುನಿಕೋಡ್ ಫಾಂಟ್‌ಗಳೂ ಸಿಗ್ತವೆ. ಹಳೇ ನುಡಿ ಫೈಲ್‌ಗಳನ್ನ ಬಿಡುವಾದಾಗ ಯುನಿಕೋಡ್‌ಗೆ ಬದಲಾಯಿಸಿಟ್ಕೊಳ್ಳಿ. ಆಗ ಕಂಪ್ಯೂಟರ್ ಬದಲಾದ್ರೂ ಅಕ್ಷರ ಬದಲಾಗಲ್ಲ. ಅಂಗಡಿಯೋರು ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಹೊಸ ಆವೃತ್ತಿಯಲ್ಲಿ ನಡೆಯುತ್ತಾ ಅಂತ ಲೈವ್ ಪೆನ್‌ಡ್ರೈವ್‌ನಲ್ಲಿ ಮೊದಲೇ ನೋಡ್ಕೊಳ್ಳಿ.

ಒಂದು ಪೆನ್‌ಡ್ರೈವ್, ನಾಲ್ಕು ತಾಲೂಕು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯೋದು ಲಿನಕ್ಸ್‌ನಲ್ಲೇ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧಾರದ ಮೇಲೆ ಶಾಲೆಗಳಿಗೆ ಅಂತಲೇ ಆವೃತ್ತಿ ತಯಾರಿಸುತ್ತೆ. ಮೊದಲು 18.04 ಇತ್ತು, ಆಮೇಲೆ 22.04 ಬಂತು. ನಡುವಿನ 20.04ಕ್ಕೆ ಅವರು ಓಡಲಿಲ್ಲ. ಬೇಕಾದ ಪಾಠದ ಆ್ಯಪ್, ಭಾಷೆ ಎಲ್ಲಾ ಸೇರಿಸಿದ ಒಂದೇ ಆವೃತ್ತಿ ಎಲ್ಲಾ ಶಾಲೆಗೂ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ್ದೇ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾವೂ ಚಿಕ್ಕದಾಗಿ ಹಾಗೇ ಮಾಡ್ಬಹುದು. ಉಬುಂಟು 24.04ರ ಇನ್‌ಸ್ಟಾಲ್ ಫೈಲ್ ಹತ್ತಿರ ಹತ್ತಿರ 6 ಜಿಬಿ, ಮಿಂಟ್ ಅದರ ಅರ್ಧದಷ್ಟು. ವೈ-ಫೈ ಇರೋನೊಬ್ಬ ಅಧಿಕೃತ ಜಾಲತಾಣದಿಂದ ಇಳಿಸಿ, ಅಲ್ಲೇ ಕೊಟ್ಟಿರೋ ಚೆಕ್‌ಸಮ್ ಹೋಲಿಸಿ ನೋಡಿ, ಪೆನ್‌ಡ್ರೈವ್‌ಗೆ ಹಾಕಿದ್ರೆ ಹತ್ತು ಜನಕ್ಕೆ ಆಗುತ್ತೆ. ಕಾಪಿ ಮಾಡಿ ಕೊಡೋದು ಇಲ್ಲಿ ಕಳ್ಳತನ ಅಲ್ಲ, ಲೈಸೆನ್ಸೇ ಹಾಗಿದೆ. ಹೊಸದಾಗಿ ಹಾಕೋರಿಗೆ ದೊಡ್ಡ ಡೌನ್‌ಲೋಡ್ ತಪ್ಪುತ್ತೆ, ಅಪ್‌ಗ್ರೇಡ್ ಮಾಡೋರಿಗೆ ಕೈಕೊಟ್ರೆ ಲೈವ್ ಪೆನ್‌ಡ್ರೈವ್ ಪಕ್ಕದಲ್ಲೇ ಇರುತ್ತೆ. ಅವತ್ತು ನನ್ನ ಜೇಬಲ್ಲಿ ಅದಿಲ್ಲದಿದ್ರೆ ಆ ಲಗ್ನಪತ್ರಿಕೆ ಫೈಲೂ ಸಿಗ್ತಿರಲಿಲ್ಲ.

ಅಕ್ಕನ ಅಂಗಡಿಯಲ್ಲಿ ಈಗ ಹೊಸ ಯುಪಿಎಸ್ ಬ್ಯಾಟರಿ ಇದೆ. ಪ್ರತಿ ಶನಿವಾರ ಹಾರ್ಡ್‌ಡಿಸ್ಕ್‌ಗೆ ಅವಳೇ ಕಾಪಿ ಮಾಡ್ಕೋತಾಳೆ, ಕಂಟ್ರೋಲ್ ಎಚ್ ಒತ್ತಿ. ನಾನು ಹೋಗಿ ಕಂಪ್ಯೂಟರ್ ಮುಂದೆ ಕೂತ್ರೆ ಮಾತ್ರ, "ಮುಟ್ಬೇಡ, ಮೊದಲು ಬ್ಯಾಕಪ್ ತಗೋತೀನಿ ಇರು" ಅಂತಾಳೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಯಾವ ಆವೃತ್ತಿ ಇದೆ ಅಂತ ಇವತ್ತು ಸಂಜೆ ಸೆಟ್ಟಿಂಗ್ಸ್‌ನಲ್ಲಿ ನೋಡ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.