ಒಂದು ಮಾತ್ರೆ, ಎರಡು ಕಾಯಿಲೆ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಂದಿದ್ದೀರಿ. ಬೀಡಿಯ ತಡ್ಪೆ ಬದಿಗಿಟ್ಟು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ.

ಇವತ್ತು ಒಂದು ಮಾತ್ರೆಯ ಹೆಸರು ಓದೋಣ. ಟೆ-ನೊ-ಫೊ-ವಿರ್. ಟೆನೊಫೊವಿರ್. ಕಷ್ಟದ ಹೆಸರು, ಅಲ್ವಾ? ಆದರೆ 'ಬೆಳ್ತಂಗಡಿ'ಯಲ್ಲಿ ಒತ್ತಕ್ಷರ ಇದೆ. ಇದರಲ್ಲಿ ಒಂದೂ ಇಲ್ಲ.

ಈ ಮಾತ್ರೆಯನ್ನು ಎರಡು ಕಾಯಿಲೆಗೆ ಕೊಡುತ್ತಾರೆ. ಒಂದು ಹೆಪಟೈಟಿಸ್ ಬಿ. ಅದು ಲಿವರನ್ನು ಹಾಳು ಮಾಡುತ್ತದೆ. ಇನ್ನೊಂದು ಎಚ್.ಐ.ವಿ. ಅದು ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಎರಡೂ ಬರುವ ದಾರಿ ಹೆಚ್ಚು ಕಡಿಮೆ ಒಂದೇ. ರಕ್ತದಿಂದ, ಸೂಜಿಯಿಂದ, ಗಂಡು ಹೆಣ್ಣು ಕೂಡುವುದರಿಂದ, ತಾಯಿಯಿಂದ ಮಗುವಿಗೆ. ಒಟ್ಟಿಗೆ ಕೂತು ಬೀಡಿ ಕಟ್ಟಿದರೆ ಬರುವುದಿಲ್ಲ. ಒಟ್ಟಿಗೆ ಗಂಜಿ ಉಂಡರೂ ಬರುವುದಿಲ್ಲ.

ಕಣ್ಣು ಹಳದಿಯಾದರೆ ನಾವು ಅರಸಿನ ಮುಂಡಿಗೆ ಅನ್ನುತ್ತೇವೆ. ನೆಲನೆಲ್ಲಿ ಅರೆದು ಕುಡಿಸುತ್ತೇವೆ. ಹಲವರಿಗೆ ವಾಸಿಯೂ ಆಗುತ್ತದೆ. ಯಾಕೆ ಗೊತ್ತಾ? ಕಾಮಾಲೆಯಲ್ಲಿ ಹಲವು ಬಗೆ. ಕೆಟ್ಟ ನೀರಿನಿಂದ ಬರುವುದು ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಹೆಸರು ಮದ್ದಿಗೆ ಬರುತ್ತದೆ! ಬಿ ಬಗೆಯದು ಹಾಗಲ್ಲ. ಕೆಲವರ ಮೈಯೊಳಗೆ ಅದು ಕೂತುಬಿಡುತ್ತದೆ. ಹುಟ್ಟುವಾಗ ತಾಯಿಯಿಂದ ಅಂಟಿದರೆ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಹೀಗಾಗುತ್ತದೆ. ಕಣ್ಣು ಹಳದಿ ಆಗುವುದಿಲ್ಲ. ಜ್ವರ ಬರುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಬಹುದು. ರಕ್ತ ಪರೀಕ್ಷೆ ಮಾಡಿಸದೆ ಇದು ತಿಳಿಯುವುದಿಲ್ಲ.

ಮಾತ್ರೆ ಏನು ಮಾಡುತ್ತದೆ? ವೈರಸ್ ತನ್ನಂಥದೇ ಇನ್ನೊಂದನ್ನು ಮಾಡಿಕೊಂಡು ಹೆಚ್ಚುತ್ತದೆ. ಮಲ್ಲಿಗೆ ಕಟ್ಟುವ ಹಾಗೆ ಒಂದರ ಪಕ್ಕ ಒಂದು ಪೋಣಿಸುತ್ತಾ ಹೋಗುತ್ತದೆ. ಟೆನೊಫೊವಿರ್ ತೊಟ್ಟಿಲ್ಲದ ಹೂವಿದ್ದಂತೆ. ಅದು ನಡುವೆ ಸೇರಿದರೆ ಮುಂದಿನ ಗಂಟು ಬೀಳುವುದಿಲ್ಲ. ವೈರಸ್ ಹೆಚ್ಚುವುದು ನಿಲ್ಲುತ್ತದೆ. ಆದರೆ ಬೇರು ಕಿತ್ತು ಹೋಗುವುದಿಲ್ಲ. ಅದಕ್ಕೇ ದಿನಕ್ಕೆ ಒಂದರಂತೆ ಬಹಳ ಕಾಲ ನುಂಗಬೇಕು.

ಅಮೆರಿಕದಲ್ಲಿ ಇದಕ್ಕೆ 2001ರಲ್ಲಿ ಎಚ್.ಐ.ವಿ.ಗೆ ಒಪ್ಪಿಗೆ ಸಿಕ್ಕಿತು, 2008ರಲ್ಲಿ ಹೆಪಟೈಟಿಸ್ ಬಿ.ಗೆ. ಅಲ್ಲಿನ ಕಂಪನಿ ಭಾರತದಲ್ಲೂ ಪೇಟೆಂಟ್ ಕೇಳಿತು. 2009ರಲ್ಲಿ ನಮ್ಮ ಪೇಟೆಂಟ್ ಕಚೇರಿ ಕೊಡುವುದಿಲ್ಲ ಎಂದಿತು. ನಮ್ಮ ಕಂಪನಿಗಳು ಅಗ್ಗದಲ್ಲಿ ಮಾಡಲು ಇದರಿಂದ ದಾರಿಯಾಯಿತು. ಎಚ್.ಐ.ವಿ. ಔಷಧಿಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಹೆಪಟೈಟಿಸ್ ಕಾರ್ಯಕ್ರಮ 2018ರಲ್ಲಿ ಶುರುವಾಯಿತು. ಅದರಲ್ಲೂ ಔಷಧಿ ಉಚಿತ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಕೇಳಿ.

ಇನ್ನು ಮುಖ್ಯ ಮಾತು. ಹೆಪಟೈಟಿಸ್ ಬಿ ಮಾತ್ರ ಇದ್ದರೆ ಈ ಒಂದೇ ಔಷಧಿ ಸಾಕಾಗಬಹುದು. ಎಚ್.ಐ.ವಿ.ಗೆ ಇದೊಂದೇ ಸಾಲದು. ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಇನ್ನೆರಡು ಬೇಕು. ಮೂರೂ ಸೇರಿದ ಒಂದೇ ಮಾತ್ರೆ ಬರುತ್ತದೆ. ಎಚ್.ಐ.ವಿ. ಇರುವುದು ತಿಳಿಯದೆ ಟೆನೊಫೊವಿರ್ ಒಂದನ್ನೇ ನುಂಗಿದರೆ ವೈರಸ್ ಅದಕ್ಕೆ ಪಳಗಿಬಿಡುತ್ತದೆ. ಆಮೇಲೆ ಮದ್ದು ನಾಟುವುದಿಲ್ಲ. ಹಾಗಾಗಿ ಶುರು ಮಾಡುವ ಮೊದಲು ಎರಡೂ ಪರೀಕ್ಷೆ ಆಗಬೇಕು. ಪಕ್ಕದ ಮನೆಯವರ ಮಾತ್ರೆ ಸಾಲ ತರಬೇಡಿ. ಇದು ಸಕ್ಕರೆ ಅಲ್ಲ.

ಸುಖವಾಯಿತು ಅಂತ ನಡುವೆ ಬಿಡಲೂ ಬಾರದು. ಬಿಟ್ಟರೆ ಹೆಪಟೈಟಿಸ್ ಬಿ ಒಮ್ಮೆಗೇ ಕೆರಳಬಹುದು. ಲಿವರ್ ಸೋತು ಪ್ರಾಣವೇ ಹೋಗಬಹುದು. ಗಂಡನಿಗೆ, ಅತ್ತೆಗೆ ಗೊತ್ತಾದೀತು ಅಂತ ಡಬ್ಬಿ ಬಚ್ಚಿಟ್ಟು, ಆಮೇಲೆ ನುಂಗುವುದನ್ನೇ ಬಿಡುವ ಹೆಂಗಸರಿದ್ದಾರೆ. ಅವರ ಹೆದರಿಕೆ ಸುಳ್ಳಲ್ಲ. ಆಪ್ತಸಮಾಲೋಚಕರ ಹತ್ತಿರ ಅದನ್ನೂ ಹೇಳಿ. ನಿಮ್ಮ ಎಚ್.ಐ.ವಿ. ವಿಷಯವನ್ನು ಆಸ್ಪತ್ರೆಯವರು ಗುಟ್ಟಾಗಿಡಬೇಕು ಅಂತ 2017ರ ಕಾನೂನು ಹೇಳುತ್ತದೆ.

ಈ ಮಾತ್ರೆ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆ. ಕರೆದಾಗ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬೀಡಿ ಕಟ್ಟಿ ಸೊಂಟ ನೋವು ಅಂತ ಅಂಗಡಿಯ ನೋವಿನ ಗುಳಿಗೆ ನುಂಗುತ್ತೇವಲ್ಲ, ಅದು ಜೊತೆಗೆ ಸೇರಿದರೆ ಮೂತ್ರಪಿಂಡಕ್ಕೆ ಇನ್ನೂ ಭಾರ. ಡಾಕ್ಟರನ್ನು ಕೇಳದೆ ನುಂಗಬೇಡಿ.

ಬಸುರಿಯರು ಎರಡೂ ಪರೀಕ್ಷೆ ಮಾಡಿಸಿಕೊಳ್ಳಿ. ಹೆಪಟೈಟಿಸ್ ಬಿ ಹೆಚ್ಚಿದ್ದರೆ ಏಳನೇ ತಿಂಗಳ ಹೊತ್ತಿಗೆ ಡಾಕ್ಟರು ಇದೇ ಮಾತ್ರೆ ಕೊಡಬಹುದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಆಗಬೇಕು.

ಡಬ್ಬಿಯ ಮೇಲಿನ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಔಷಧಿ ಕೊಡುವವರ ಹತ್ತಿರ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಎಚ್.ಐ.ವಿ. ಬಗ್ಗೆ ಕೇಳಲು ಫೋನ್ ಸಂಖ್ಯೆ 1097. ಹಣ ಬೇಡ.